ಪಿಲಾರಮ್ಮನ ಹಲಗೆಗಳು

ಮರದ ಸಾಮಾನು ಎಲ್ಲಿ ಕಂಡರೂ ಬೆರಳ ಗೆಣ್ಣಿನಿಂದ ಎರಡು ಸಲ ಕುಟ್ಟಿ ನೋಡುವ ಚಾಳಿಯೊಂದು ನನಗೆ ಈಚೆಗೆ ಅಂಟಿಕೊಂಡಿದೆ. ಬ್ಯಾಂಕಿಗೆ ಹೋದರೆ ಅಲ್ಲಿನ ಕೌಂಟರು, ಬಸ್ಸಿಗೆ ಕಾಯುವಾಗ ಹೋಟೆಲಿನ ಬೆಂಚು, ಯಾರದಾದರೂ ಮನೆಗೆ ಹೋದರೆ ಬಾಗಿಲ ದಾರಂದ. ಹೋದ ತಿಂಗಳು ಸಾಲಿಗ್ರಾಮದಲ್ಲಿ ಗೃಹಪ್ರವೇಶದ ಊಟಕ್ಕೆ ಹೋದವನು ಹೊಸ ಮನೆಯ ಹೆಬ್ಬಾಗಿಲನ್ನು ಕುಟ್ಟಿ, ಕಿವಿಯಿಟ್ಟು ಕೇಳಿದೆ. ಮನೆಯ ಯಜಮಾನರು ಹತ್ತಿರ ಬಂದು, "ಎಂತ ಮೇಷ್ಟ್ರೇ, ಸಾಗುವಾನಿ ಹೌದಾ ಅಲ್ದಾ ಅಂದೇಳಿ ಕಾಂತಿದ್ರಿಯಾ?" ಎಂದರು. ಅವರ ಮುಖ ಸಣ್ಣದಾಗಿತ್ತು. ಸಾಗುವಾನಿಯೇ, ಒಳ್ಳೆಯ ಮರ ಎಂದೆ. ಪಾಯಸ ಬರುವ ಮೊದಲೇ ಎದ್ದು ಬಂದೆ. ಮನೆಗೆ ಬಂದ ಮೇಲೆ ಹೆಂಡತಿ ಸೀರೆ ಮಡಚುತ್ತ, "ಇನ್ನ್ ನಿಮ್ಮನ್ ಎಲ್ಲಿಗೂ ಕರ್ಕಂಡ್ ಹೋಪ್ಕಾತಿಲ್ಲ" ಎಂದಳು.

ಈ ಚಾಳಿ ಎಲ್ಲಿಂದ ಬಂತೆಂದು ಅವಳಿಗೆ ಗೊತ್ತು. ನಿಮಗೂ ಹೇಳುತ್ತೇನೆ. ಹೇಳಿಕೊಂಡರೆ ಹಗುರಾಗುತ್ತದೆ ಎಂಬ ಆಸೆಯಿಂದಲ್ಲ, ಆ ಆಸೆ ಬಿಟ್ಟು ಬಹಳ ದಿನವಾಯಿತು.

ನಾನು ಉಪ್ಪುಂದದ ಒಂದು ಹೈಸ್ಕೂಲಿನಲ್ಲಿ ಚಿತ್ರಕಲೆಯ ಮೇಷ್ಟ್ರಾಗಿದ್ದವನು. ಚಿತ್ರಕಲೆಯ ಮೇಷ್ಟ್ರು ಎಂದರೆ ಏನೆಂದು ನಿಮಗೆ ಗೊತ್ತಿರಬಹುದು. ಗಣಿತದವರಿಗೆ ಪಾಠ ಮುಗಿಯದಿದ್ದರೆ ತನ್ನ ಪೀರಿಯಡ್ ಬಿಟ್ಟುಕೊಡುವವನು, ವಾರ್ಷಿಕೋತ್ಸವಕ್ಕೆ ಬ್ಯಾನರ್ ಬರೆಯುವವನು, ಶೌಚಾಲಯದ ಬಾಗಿಲ ಮೇಲೆ 'ಹುಡುಗರು', 'ಹುಡುಗಿಯರು' ಎಂದು ಅಂದವಾಗಿ ಬರೆಯುವವನು. ಸಾಸ್ತಾನದ ಮನೆಯಿಂದ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಸಾವಿರಾರು ಮಕ್ಕಳಿಗೆ ನಾನು ಕಲಿಸಿದ್ದು ಒಂದೇ ಚಿತ್ರ. ಎರಡು ಗುಡ್ಡ, ನಡುವೆ ಹುಟ್ಟುವ ಸೂರ್ಯ, ಅಲ್ಲಿಂದ ಹರಿದು ಬರುವ ಹೊಳೆ, ದಡದಲ್ಲೊಂದು ಗುಡಿಸಲು, ಮೇಲೆ ಒಂದಷ್ಟು ಹಕ್ಕಿ. ನನಗೆ ಅದನ್ನು ಕಲಿಸಿದವರು ನನ್ನ ಮೇಷ್ಟ್ರು. ಕೋಟದ ಶಾಲೆಯಲ್ಲಿ, ಆರನೆಯ ಕ್ಲಾಸಿನಲ್ಲಿ, ಸ್ಲೇಟಿನ ಮೇಲೆ. ಆ ಸ್ಲೇಟು ಒರೆಸಲು ನಾವು ಕಿತ್ತು ತರುತ್ತಿದ್ದ ನೀರುಕಡ್ಡಿ ಗಿಡದ ವಾಸನೆ ಈಗಲೂ ಮೂಗಿನಲ್ಲಿದೆ. ಸೂರ್ಯನನ್ನು ದುಂಡಗೆ ಬರೆಯಲು ಮೇಷ್ಟ್ರು ತಮ್ಮ ನಶ್ಯದ ಡಬ್ಬಿ ಕೊಡುತ್ತಿದ್ದರು. ಹಾಗಾಗಿ ನಮ್ಮ ತರಗತಿಯ ಎಲ್ಲ ಸೂರ್ಯರೂ ಒಂದೇ ಅಳತೆಯವರು.

ಪಿಲಾರ್ ಬಂದದ್ದು ಒಂದು ಡಿಸೆಂಬರಿನಲ್ಲಿ. ಕತ್ತರಿಸಿದ ಕೂದಲು, ಗಂಡಸರ ಅಂಗಿ, ಹೆಗಲಲ್ಲಿ ಉಳಿಗಳ ಭಾರದ ಚೀಲ. ಹೆಡ್‌ಮಾಸ್ಟರು ನನ್ನನ್ನು ಕರೆಸಿ, "ಇವ್ರ್ ಸ್ಪೇನಿನವ್ರ್ ಅಂಬ್ರ್. ನೀವೂ ಚಿತ್ರದವ್ರ್, ಅವ್ರೂ ಚಿತ್ರದವ್ರ್, ಮಾತಾಡ್ಕಣಿ" ಎಂದು ಕೈ ತೊಳೆದುಕೊಂಡರು. ನಮ್ಮ ಅಟೆಂಡರ್ ಹೆಸರು ಕೇಳಿದ. ಪಿಲಾರ್ ಎಂದರು. "ಪಿಲಾರಾ? ಶಿರ್ವದ ಹತ್ರ ಅಲ್ದಾ? ನಮ್ಮ ಅತ್ತಿ ಮನಿ ಅಲ್ಲೇ" ಎಂದ ಅವನು. ಅದು ಊರಿನ ಹೆಸರಲ್ಲ, ಅವರದೇ ಹೆಸರು ಎಂದು ಎಷ್ಟು ಹೇಳಿದರೂ ಅವನು ಒಪ್ಪಲಿಲ್ಲ. ಕೊನೆಗೆ ಊರಿಗೆಲ್ಲ ಅವರು ಪಿಲಾರಮ್ಮನಾದರು.

ಅವರ ಕತೆಯನ್ನು ನಾನು ಮೂರು ಚಳಿಗಾಲಗಳಲ್ಲಿ ತುಂಡುತುಂಡಾಗಿ ಕೇಳಿದ್ದು. ಸ್ಪೇನಿನ ಉತ್ತರದ ಕಡಲ ದಡದಲ್ಲಿ ಮೀನುಗಾರರ ಊರು. ಅಪ್ಪ ದೋಣಿ ಕಟ್ಟುವ ಬಡಗಿ. ಹೆಣ್ಣುಮಗುವಿನ ಕೈಗೆ ಅವನು ಉಳಿ ಕೊಡಲಿಲ್ಲ, ಅವರು ಕದ್ದು ಕಲಿತರು. ಆಮೇಲೆ ಮ್ಯಾಡ್ರಿಡ್ಡಿನಲ್ಲಿ ಓದಿ, ಮರದ ಹಲಗೆಯಲ್ಲಿ ಚಿತ್ರ ಕೆತ್ತಿ, ಮಸಿ ಬಳಿದು, ಕಾಗದದ ಮೇಲೆ ಅಚ್ಚು ತೆಗೆಯುವ ಕಲೆಯನ್ನೇ ಹಿಡಿದರು. ಊರಿನ ಮರದ ದೋಣಿಗಳೆಲ್ಲ ಹೋಗಿ ಫೈಬರ್ ದೋಣಿಗಳು ಬಂದಾಗ ಅಪ್ಪ ತಾನು ಕಟ್ಟಿದ ಕೊನೆಯ ದೋಣಿಯನ್ನು ತಾನೇ ಒಡೆದು ಒಲೆಗೆ ಹಾಕಿದನಂತೆ. ಅವತ್ತಿನಿಂದ ಅವರು ಹಳೆಯ ದೋಣಿಯ ಹಲಗೆ ಬಿಟ್ಟು ಬೇರೆ ಮರ ಮುಟ್ಟಲಿಲ್ಲ. ಅಂಥ ಹಲಗೆ ಹುಡುಕುತ್ತ ಪೋರ್ಚುಗಲ್, ಮೊರಾಕ್ಕೊ, ಕೇರಳ ಎಲ್ಲ ಸುತ್ತಿ ನಮ್ಮ ಕಡಲಿಗೆ ಬಂದಿದ್ದರು.

ನಾನು ಅವರನ್ನು ಗುಲಾಬಿಯ ಮನೆಗೆ ಕರೆದುಕೊಂಡು ಹೋದೆ. ಗುಲಾಬಿ ಬುಟ್ಟಿ ಹೊತ್ತು ಮೀನು ಮಾರುವವಳು. ಅವಳ ಗಂಡ ಶೀನ ಆ ವರ್ಷ ಮಳೆಗಾಲ ಮುಗಿದು ಮೀನುಗಾರಿಕೆ ಶುರುವಾದ ಮೊದಲ ವಾರದಲ್ಲೇ ಕಡಲಿಗೆ ಹೋದವನು ಬರಲಿಲ್ಲ. ಮೂರನೆಯ ದಿನ ದೋಣಿ ಮಾತ್ರ ತೇಲಿ ಬಂತು. ಅದು ಅವಳ ಅಂಗಳದಲ್ಲಿ ಕವುಚಿ ಬಿದ್ದಿತ್ತು. ಹಲಗೆ ಕೊಡುತ್ತೀಯಾ ಎಂದು ಪಿಲಾರ್ ಕೇಳಿದ್ದನ್ನು ನಾನು ತಿಳಿಸಿದೆ. ಅವಳು ದೋಣಿಯ ಕಡೆ ನೋಡಿ, "ಒಲಿಗ್ ಹಾಕುಕೆ ಮನ್ಸ್ ಬತ್ತಿಲ್ಲೆ, ಕಾಣುಕೂ ಆತ್ತಿಲ್ಲೆ. ತಕಂಡ್ ಎಂತ ಬೇಕಾರೂ ಮಾಡ್ಲಿ" ಎಂದಳು.

ಹದಿನಾಲ್ಕು ಹಲಗೆ ಸಿಕ್ಕಿತು. ಪಿಲಾರ್ ಗುಲಾಬಿಯ ಮನೆಯ ಚಾವಡಿಯಲ್ಲೇ ಚಾಪೆ ಹಾಸಿದರು. ಅವಳ ಕೈಯ ಗಂಜಿ, ಅವಳ ಕೈಯ ಸಾರು, ಅವಳಿಂದಲೇ ಭಾಷೆ. ಹಾಗಾಗಿ ಅವರ ಕನ್ನಡ ನಮ್ಮ ಪುಸ್ತಕದ್ದಲ್ಲ, ಉಪ್ಪುಂದದ ಮೀನುಮಾರ್ಕೆಟ್ಟಿನದು. ನನ್ನನ್ನು ದಾರಿಯಲ್ಲಿ ಕಂಡರೆ, "ಹ್ವಾಯ್ ಮೇಷ್ಟ್ರೇ, ಬಾ ಇಲ್ಲ್" ಎಂದು ಏಕವಚನದಲ್ಲಿ ಕೂಗುತ್ತಿದ್ದರು. ಮಕ್ಕಳೆಲ್ಲ ನಗುತ್ತಿದ್ದರು. ನಾನೂ ನಗುತ್ತಿದ್ದೆ, ಒಳಗೆ ಸ್ವಲ್ಪ ಉರಿದುಕೊಂಡು.

ಮೊದಲು ಕೆತ್ತಿದ್ದು ಗುಲಾಬಿಯನ್ನು, ಆಮೇಲೆ ಮಾರ್ಕೆಟ್ಟಿನ ಬೇರೆ ಹೆಂಗಸರನ್ನು. ಎರಡನೆಯ ಚಳಿಗಾಲದಲ್ಲಿ ಒಂದು ದಿನ ಗುಲಾಬಿಯೇ ಕೇಳಿದಳು, "ನಮ್ಮನಿಯವ್ರದ್ದ್ ಒಂದ್ ಮಾಡುಕಾತ್ತಾ?" ಶೀನನನ್ನು ಪಿಲಾರ್ ಕಂಡವರಲ್ಲ. ಮದುವೆಯ ಫೋಟೋದಲ್ಲಿದ್ದವನು ಮೀಸೆ ಮೂಡದ ಹುಡುಗ. ಆಧಾರ್ ಕಾರ್ಡಿನ ಫೋಟೋ ನಿಮ್ಮ ನಮ್ಮೆಲ್ಲರದರಂತೆ, ಯಾರದಾದರೂ ಆಗಬಹುದಾದದ್ದು. ಉಳಿದ ಫೋಟೋ ಇದ್ದ ಮೊಬೈಲು ಅವನ ಜೊತೆಗೇ ಹೋಗಿತ್ತು. ಪಿಲಾರ್ ಹೂಂ ಎಂದರು. ಒಂದು ತಿಂಗಳು ಕೇಳುತ್ತಲೇ ಇದ್ದರು. ಎಲೆ ಅಡಿಕೆ ಯಾವ ಕೆನ್ನೆಯಲ್ಲಿ ಇಟ್ಟುಕೊಳ್ಳುತ್ತಿದ್ದ, ಬಿಸಿಲಿಗೆ ಯಾವ ಕಣ್ಣು ಮೊದಲು ಮುಚ್ಚುತ್ತಿದ್ದ, ನಿನಗೆ ಸುಳ್ಳು ಹೇಳುವಾಗ ಎಲ್ಲಿ ನೋಡುತ್ತಿದ್ದ. ಆ ಕೊನೆಯ ಪ್ರಶ್ನೆಗೆ ಗುಲಾಬಿ ನಕ್ಕಳು. ಗಂಡ ಹೋದ ಮೇಲೆ ಅವಳು ನಕ್ಕದ್ದು ಅದೇ ಮೊದಲು ಎಂದು ನೆರೆಯವರು ಹೇಳಿದರು.

ಕೆತ್ತಿ ಮುಗಿದ ದಿನ ನಾನೂ ಅಲ್ಲಿದ್ದೆ. ಹಲಗೆಯನ್ನು ಗೋಡೆಗೆ ಒರಗಿಸಿ ಇಟ್ಟಿದ್ದರು. ಗುಲಾಬಿ ಬಾಗಿಲಲ್ಲಿ ನಿಂತು ನೋಡಿದಳು. ಹತ್ತಿರ ಬಂದು ಸೆರಗನ್ನು ಬಿಡಿಸಿ ಆ ಮುಖಕ್ಕೆ ಹೊದಿಸಿದಳು. "ಸಾಕ್. ಇನ್ನ್ ಮುಟ್ಬೇಡಿ" ಎಂದಳು. ಅಂದಿನಿಂದ ಬೆಳಿಗ್ಗೆ ಬುಟ್ಟಿ ಎತ್ತುವ ಮೊದಲು ಅದರ ಹತ್ತಿರ ಏನೋ ಒಂದು ಮಾತು ಆಡಿಯೇ ಹೊರಡುತ್ತಿದ್ದಳು.

ಅಚ್ಚು ತೆಗೆದಿಡಲಿಲ್ಲವೇ ಎಂದು ನೀವು ಕೇಳಬಹುದು. ಪಿಲಾರ್ ತೆಗೆಯಲಿಲ್ಲ. ಹದಿನಾಲ್ಕೂ ಮುಗಿದ ಮೇಲೆಯೇ ಅಚ್ಚು ಎಂಬುದು ಅವರ ಹಟ. ನಡುವೆ ಒಂದನ್ನು ಕಾಗದದ ಮೇಲೆ ಕಂಡುಬಿಟ್ಟರೆ ಉಳಿದವು ಅದರ ಹಾಗೇ ಆಗಿಬಿಡುತ್ತವೆ ಎನ್ನುತ್ತಿದ್ದರು. ಕಾಗದವನ್ನು ಹಲಗೆಗೆ ಒತ್ತಿ ಉಜ್ಜಲು ಗುಲಾಬಿಯ ಅಡುಗೆಮನೆಯ ತೆಂಗಿನ ಚಿಪ್ಪಿನ ಸೌಟೇ ಸಾಕು, ಯಂತ್ರ ಬೇಡ ಎಂದು ಲೆಕ್ಕ ಹಾಕಿಟ್ಟಿದ್ದರು.

ಈಗ ನನ್ನ ವಿಷಯಕ್ಕೆ ಬರುತ್ತೇನೆ. ಮೂರನೆಯ ಚಳಿಗಾಲದಲ್ಲಿ ಶಾಲೆಯಲ್ಲಿ ಚಿತ್ರಪ್ರದರ್ಶನ ಇಟ್ಟಿದ್ದೆ. ಮಕ್ಕಳದ್ದಲ್ಲ, ನನ್ನದೇ. ನಿವೃತ್ತಿ ಹತ್ತಿರವಾಗಿತ್ತು, ಆಸೆ. ಪಿಲಾರ್ ಬಂದು ಒಂದೊಂದೇ ನೋಡಿದರು. ದೊಡ್ಡ ಚಿತ್ರದ ಮುಂದೆ ನಿಂತು, "ಈ ಗುಡ್ಡಿ ಎಲ್ಲಿತ್ತ್?" ಎಂದರು.

"ಎಲ್ಲೂ ಇಲ್ಲ, ಕಲ್ಪನೆ" ಎಂದೆ.

"ಈ ಮನಿ?"

"ಅದೂ ಹಾಗೇ."

"ನಿನ್ನ್ ಮನಿ ಹಿಂದ್ ಎಂತ ಇತ್ತ್?"

ಅಮಟೆ ಮರ ಇದೆ ಎಂದೆ. ಅವರು, "ನೀನ್ ಕೈಯಲ್ಲ್ ಬರಿತೆ. ಕಣ್ಣಲ್ಲ್ ಕಾಂತಿಲ್ಲೆ" ಎಂದರು. ಬೈಗುಳವಲ್ಲ, ಮೀನು ತಾಜಾ ಅಲ್ಲ ಎಂದು ಹೇಳುವ ದನಿ. ಮನೆಗೆ ಬಂದು ಹೆಂಡತಿಗೆ ದೂರಿಕೊಂಡೆ. ಅವಳು, "ಆ ಅಮಟಿ ಮರ ಕಡ್ದ್ ಎರಡ್ ವರ್ಷ ಆಯ್ತಲೆ" ಎಂದಳು. ಹಿತ್ತಲಿಗೆ ಹೋಗಿ ನೋಡಿದೆ. ಬುಡ ಮಾತ್ರ ಇತ್ತು. ನಗು ಬರಬೇಕಿತ್ತು, ಬರಲಿಲ್ಲ. ಆ ಮಾತು ಮುಳ್ಳಿನಂತೆ ಒಳಗೆ ಉಳಿಯಿತು.

ಆ ವರ್ಷ ಕಡಲು ಗುಲಾಬಿಯ ಅಂಗಳವನ್ನು ಅರ್ಧ ತಿಂದಿತ್ತು. ಹದಿಮೂರು ಹಲಗೆ ಮುಗಿದಿದ್ದವು. ಹದಿನಾಲ್ಕನೆಯದರಲ್ಲಿ ಪೆನ್ಸಿಲಿನ ಗೆರೆ ಮಾತ್ರ. ಮಳೆಗಾಲಕ್ಕೆ ಎಲ್ಲಿಡುವುದು ಎಂಬ ಮಾತು ಬಂತು. ನನ್ನ ಮನೆ ಎತ್ತರದ ಜಾಗದಲ್ಲಿದೆ, ದನವಿಲ್ಲದ ಕೊಟ್ಟಿಗೆ ಖಾಲಿ ಇದೆ ಎಂದು ನಾನೇ ಹೇಳಿದೆ. ಮೀನಿನ ಟೆಂಪೋದಲ್ಲಿ ಹಲಗೆಗಳು ಬಂದವು. ಪಿಲಾರ್ ಜೊತೆಗೆ ಬಂದು ತೋರಿಸಿಕೊಟ್ಟರು. ಅಡಿಗೆ ಇಟ್ಟಿಗೆ ಇಡಬೇಕು, ಗೋಡೆಗೆ ತಾಗಬಾರದು, ಹಿಂಬದಿಗೂ ಅಂಚಿಗೂ ದೋಣಿಗೆ ಬಳಿಯುವ ಗೇರೆಣ್ಣೆ ಹಚ್ಚಬೇಕು, ತಿಂಗಳಿಗೊಮ್ಮೆ ಮಗುಚಬೇಕು. ಹದಿನಾಲ್ಕನೆಯದಕ್ಕೆ ತಾವೇ ಎಣ್ಣೆ ಹಚ್ಚಿ, ಅಡಿಗೆ ಎರಡು ಇಟ್ಟಿಗೆ ಇಟ್ಟು, "ಹೀಂಗೆ" ಎಂದರು. ಉಳಿದದ್ದನ್ನು ನಾಳೆ ಮಾಡುತ್ತೇನೆ ಎಂದೆ. ಗುಲಾಬಿ ಶೀನನ ಹಲಗೆಯನ್ನು ಕೊನೆಗೆ ಇಳಿಸಿ, "ಜಾಗ್ರತಿ ಮೇಷ್ಟ್ರೇ" ಎಂದಳು.

ಆ ನಾಳೆ ಬರಲಿಲ್ಲ. ಮೊದಲು ಸೋಮಾರಿತನ. ಆಮೇಲೆ, ಕಣ್ಣಲ್ಲಿ ಕಾಣದವನು ಯಾಕೆ ಕಾಣಬೇಕು ಎಂಬ ಸಣ್ಣ ಹಗೆ. ಆಮೇಲೆ ಕೊರೊನಾ ಬಂತು, ಪಿಲಾರ್ ಬರಲಿಲ್ಲ. ನಾನು ನಿವೃತ್ತನಾದೆ, ಉಪ್ಪುಂದದ ದಾರಿ ಬಿಟ್ಟೆ. ಗುಲಾಬಿ ಒಂದು ಸಲ ಹಲಗೆ ನೋಡಲು ಮನೆಗೆ ಬಂದಿದ್ದಳು, ಮಾರಿ ಉಳಿದ ಮೀನಿನ ಬುಟ್ಟಿ ತಲೆಯ ಮೇಲಿತ್ತು. ಬುಟ್ಟಿ ಗೇಟಿನ ಹೊರಗಿರಲಿ ಎಂದು ನಾನೇ ಹೇಳಿದೆ. ನಾಯಿ ಬಾಯಿ ಹಾಕೀತೆಂದು ಅವಳೂ ಬುಟ್ಟಿಯ ಹತ್ತಿರವೇ ನಿಂತಳು. "ಅವ್ರ್ ಸಮ ಇದ್ರಾ?" ಎಂದು ಶೀನನ ಹಲಗೆಯ ವಿಷಯ ಅಲ್ಲಿಂದಲೇ ಕೇಳಿದಳು. ಸಮ ಇದ್ದಾರೆ ಎಂದೆ. ನಾನು ಹೊರಗಿಟ್ಟದ್ದು ಬುಟ್ಟಿಯನ್ನು ಮಾತ್ರ ಎಂದು ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಅವಳು ಮತ್ತೆ ಬರಲಿಲ್ಲ.

ನಾಲ್ಕು ಮಳೆಗಾಲ ಕಳೆದ ಮೇಲೆ ಪಿಲಾರ್ ಫೋನು ಮಾಡಿದರು. ಭಾಷೆ ಅಷ್ಟೇ ಚೊಕ್ಕವಾಗಿತ್ತು, ಉಸಿರು ಮಾತ್ರ ಗಿಡ್ಡ. ಕಣ್ಣು ಹೋಗಿದೆ ಎಂದರು. ನೋಟದ ನಡುವಿನಿಂದ ಕತ್ತಲು ಶುರುವಾಗಿ ಅಂಚಿನವರೆಗೂ ಹಬ್ಬಿತಂತೆ. ಉಪ್ಪುಂದದಲ್ಲಿ ಕೊನೆಯ ಚಳಿಗಾಲದಲ್ಲೇ ಶುರುವಾಗಿತ್ತಂತೆ, ಯಾರಿಗೂ ಹೇಳಿರಲಿಲ್ಲ. "ಕೆತ್ತಿದ್ ಮರ ಬೆರ್ಳಿಗ್ ಕಾಂತ್ತ್. ಕಾಗ್ದ, ಮಸಿ ತಕಂಡ್ ಬತ್ತೆ. ನೀನೂ ಗುಲಾಬಿಯೂ ಉಜ್ಜಿ. ಹಲ್ಗಿ ಹ್ಯಾಂಗಿತ್ತ್?" ಎಂದರು.

ಫೋನು ಕಿವಿಗಿಟ್ಟುಕೊಂಡೇ ಕೊಟ್ಟಿಗೆಯ ಕಿಟಕಿಗೆ ಹೋದೆ. ಸಾಲಾಗಿ ಒರಗಿದ್ದವು. ಗುಲಾಬಿ, ಮಾರ್ಕೆಟ್ಟಿನ ಹೆಂಗಸರು, ಶೀನ. ಧೂಳು ಕುಳಿತಿತ್ತು, ಮುಖಗಳೆಲ್ಲ ಇದ್ದವು.

"ಎಲ್ಲ ಸರಿ ಇದೆ. ಈಗಷ್ಟೇ ನೋಡಿದೆ" ಎಂದೆ. ಅದು ಸುಳ್ಳಲ್ಲ, ನೋಡಿದ್ದೆ.

ಅವರು ಬಂದದ್ದು ಜನವರಿಯಲ್ಲಿ. ಬೈಂದೂರಿನಲ್ಲಿ ರೈಲಿನಿಂದ ಇಳಿಸಿಕೊಂಡು ಗುಲಾಬಿಯೇ ಕಾರು ಮಾಡಿ ಸಾಸ್ತಾನಕ್ಕೆ ಕರೆತಂದಳು. ಒಂದು ಕೈಯಲ್ಲಿ ಬಿಳಿಯ ಕೋಲು, ಇನ್ನೊಂದರಲ್ಲಿ ಕಾಗದದ ಉದ್ದನೆಯ ಕೊಳವೆ. ಅದನ್ನು ರೈಲಿನಲ್ಲಿ ಯಾರ ಕೈಗೂ ಕೊಡಲಿಲ್ಲವಂತೆ. ನನ್ನ ಹೆಂಡತಿ ಕಾಫಿ ಮಾಡಿದಳು. "ಕಾಫಿ ಕಡೀಕೆ. ಮೊದ್ಲ್ ಹಲ್ಗಿ" ಎಂದರು.

ಕೊಟ್ಟಿಗೆಯ ಒಳಗೆ ನಾನು ಅವರ ಕೈ ಹಿಡಿದು ಮೊದಲ ಹಲಗೆಯ ಮುಂದೆ ನಿಲ್ಲಿಸಿದೆ. ಅವರು ಗಾಳಿಯಲ್ಲಿ ಕೈಯಾಡಿಸಿ, ಹಲಗೆಯ ಮೇಲಂಚು ಹುಡುಕಿ, ಅಲ್ಲಿಂದ ಕೆಳಗೆ ಹಣೆಗೆ ಬಂದರು. ಬೆರಳು ಹಣೆಯ ಒಳಗೆ ಹೋಯಿತು.

ಸದ್ದೇ ಇರಲಿಲ್ಲ, ಒಣಗಿದ ಹಪ್ಪಳ ಮುರಿದಷ್ಟೂ ಇಲ್ಲ. ತಪ್ಪು ಜಾಗ ಮುಟ್ಟಿದೆನೇನೋ ಎಂಬಂತೆ ಅವರು ಕೈ ಹಿಂದೆಗೆದುಕೊಂಡು ಇನ್ನೂ ಮೆಲ್ಲಗೆ ಕೆನ್ನೆ ಮುಟ್ಟಿದರು. ಕೆನ್ನೆ ಕುಸಿಯಿತು, ಅದರ ಜೊತೆ ಮುಖವೂ. ಒಳಗಿನಿಂದ ಮಣ್ಣು ಸುರಿಯಿತು. ಗೆದ್ದಲು ಮರವನ್ನೆಲ್ಲ ತಿಂದು, ಮೇಲಿನ ಕೆತ್ತನೆಯನ್ನು ಎಲೆಯಷ್ಟು ತೆಳ್ಳಗೆ ಉಳಿಸಿತ್ತು. ಕಿಟಕಿಯಲ್ಲಿ ನಿಂತು ನಾನು ನೋಡಿದ್ದು ಅದನ್ನೇ.

"ಇದ್ ಎಂತ ಮೇಷ್ಟ್ರೇ?" ಎಂದರು ಪಿಲಾರ್, ಬೆರಳು ಮೂಸುತ್ತ.

"ಒರ್ಲಿ ಅಮ್ಮ. ಒರ್ಲಿ ತಿಂದಿತ್" ಎಂದಳು ಗುಲಾಬಿ.

ಎರಡನೆಯದು ಹಾಗೇ, ಮೂರನೆಯದು ಹಾಗೇ. ನಾಲ್ಕನೆಯದಕ್ಕೆ ಅವರು ಕೈ ಚಾಚಲಿಲ್ಲ. "ಎಷ್ಟ್ ಉಳ್ದಿತ್?" ಎಂದು ಕೇಳಿದರು. ನಾನು ಒಂದೊಂದನ್ನೂ ಗೆಣ್ಣಿನಿಂದ ಕುಟ್ಟುತ್ತ ಹೋದೆ. ಅವತ್ತು ಕುಟ್ಟಲು ಕಲಿತದ್ದು. ಹದಿಮೂರೂ ಹೋಗಿದ್ದವು. ಶೀನನ ಹಲಗೆ ಬಂದಾಗ ಗುಲಾಬಿ ನನ್ನ ಕೈ ಹಿಡಿದು ನಿಲ್ಲಿಸಿದಳು. ತಾನೇ ಎರಡೂ ಕೈಯಲ್ಲಿ ಮಗುವನ್ನು ಎತ್ತುವಂತೆ ಎತ್ತಲು ಹೋದಳು. ಅದು ಅವಳ ಕೈಯಲ್ಲೇ ಇಬ್ಭಾಗವಾಗಿ, ಆಮೇಲೆ ಪುಡಿಯಾಗಿ ಹೋಯಿತು. ಅವಳು ಅಳಲಿಲ್ಲ. ಸೀರೆಗೆ ಅಂಟಿದ ಮಣ್ಣನ್ನು ಕೊಡವಲೂ ಇಲ್ಲ.

"ನೀವ್ ಒಂದ್ ಸಲ ಮುಟ್ಟಿ ಕಂಡಿದ್ರ್ ಸಾಕಿತ್" ಎಂದಳು ನನಗೆ. ಅಷ್ಟೇ.

ಎಣ್ಣೆ ಹಚ್ಚಿದ ಹದಿನಾಲ್ಕನೆಯದು ಮಾತ್ರ ಕುಟ್ಟಿದರೆ ಗಟ್ಟಿಯಾಗಿ ಸದ್ದು ಮಾಡಿತು. ಅದರಲ್ಲಿ ಏನೂ ಇರಲಿಲ್ಲ, ಪೆನ್ಸಿಲಿನ ಗೆರೆಯೂ ಅಳಿಸಿತ್ತು. ಪಿಲಾರ್ ಅದನ್ನು ಉಪ್ಪುಂದಕ್ಕೆ ಒಯ್ದರು. ಒಂದು ವಾರ ಗುಲಾಬಿಯನ್ನು ಎದುರು ಕೂರಿಸಿಕೊಂಡು ಎಡಗೈಯಿಂದ ಅವಳ ಮುಖ ಮುಟ್ಟುತ್ತ ಬಲಗೈಯಿಂದ ಕೆತ್ತಲು ನೋಡಿದರು. ನಾನು ದಿನಾ ಹೋಗಿ ದೂರದಲ್ಲಿ ಕೂರುತ್ತಿದ್ದೆ. ಹೋಗು ಎನ್ನಲಿಲ್ಲ, ಬಾ ಎನ್ನಲೂ ಇಲ್ಲ. ಮುಟ್ಟಿದ್ದನ್ನು ಮರಕ್ಕೆ ದಾಟಿಸುವಷ್ಟರಲ್ಲಿ ಅದು ಬೆರಳಿನಿಂದ ಹೋಗಿರುತ್ತದೆ ಎಂದು ಗುಲಾಬಿಗೆ ಹೇಳುತ್ತಿದ್ದರು. ಏಳನೆಯ ದಿನ ಉಳಿ ಜಾರಿ ಹೆಬ್ಬೆರಳ ಬುಡ ಸೀಳಿತು. ಗುಲಾಬಿ ಅರಸಿನ ಒತ್ತಿ ಬಟ್ಟೆ ಕಟ್ಟಿದಳು. ಅವರು ಉಳಿಗಳನ್ನು ಒಂದೊಂದಾಗಿ ಒರೆಸಿ ಚೀಲಕ್ಕೆ ಹಾಕಿ ದಾರ ಬಿಗಿದರು.

ನಾನು ಆಗ ಕ್ಷಮೆ ಕೇಳಿದೆ. ನಿಮ್ಮ ಮಾತಿಗೆ ಸಿಟ್ಟಿತ್ತು, ಅದಕ್ಕೇ ನೋಡಲಿಲ್ಲ, ಎಂದು ಎಲ್ಲವನ್ನೂ ಹೇಳಿದೆ. ಅವರು ನೆನಪು ಮಾಡಿಕೊಳ್ಳಲು ನೋಡಿದರು.

"ನಾನ್ ಎಂತ ಹೇಳಿದ್ದೆ?" ಎಂದರು.

ಆ ಮಾತೇ ಅವರಿಗೆ ನೆನಪಿರಲಿಲ್ಲ.

ಊರಿಗೆ ಹೋದ ಮೇಲೆ ಒಂದೆರಡು ಸಲ ಫೋನಿನಲ್ಲಿ ಸಿಕ್ಕರು. ಆಮೇಲೆ ಅವರ ತಂಗಿಯ ಮಗಳು ಇಂಗ್ಲಿಷಿನಲ್ಲಿ ಒಂದು ಮೆಸೇಜು ಕಳಿಸಿದಳು. ದೊಡ್ಡಮ್ಮ ಈಗ ಒಂದು ವೃದ್ಧಾಶ್ರಮದಲ್ಲಿದ್ದಾರೆ, ಕೆಲಸ ಬಿಟ್ಟಿದ್ದಾರೆ, ಯಾರ ಹತ್ತಿರವೂ ಮಾತಾಡಲು ಇಷ್ಟಪಡುವುದಿಲ್ಲ, ದಯವಿಟ್ಟು ಕರೆ ಮಾಡಬೇಡಿ. ನಾನು ಮಾಡುವುದಿಲ್ಲ. ನಂಬರು ಅಳಿಸಿಲ್ಲ.

ಈ ಮಳೆಗಾಲದ ಮೊದಲು ನನಗೊಂದು ಯೋಚನೆ ಬಂತು. ಪಿಲಾರಿಗೆ ಬಾಯಲ್ಲಿ ಹೇಳಿ ಮಾಡಿಸಿದ ಮುಖವನ್ನು ಗುಲಾಬಿ ನನಗೂ ಹೇಳಬಹುದಲ್ಲ, ನನ್ನ ಕೈಯಾದರೂ ಇದೆಯಲ್ಲ ಎಂದು. ಒಂದು ಮಧ್ಯಾಹ್ನ ಡ್ರಾಯಿಂಗ್ ಹಾಳೆ, ಪೆನ್ಸಿಲು ತೆಗೆದುಕೊಂಡು ಉಪ್ಪುಂದಕ್ಕೆ ಹೋದೆ. ಗುಲಾಬಿ ಬಲೆಯ ಚೂರೊಂದನ್ನು ಬಿಡಿಸುತ್ತ ಕುಳಿತಿದ್ದಳು. ವಿಷಯ ಹೇಳಿದೆ. ಅವಳು ಬಲೆ ಬದಿಗಿಟ್ಟು, ಕೈ ತೊಳೆದು ಬಂದು, ಎದುರು ಕುಳಿತಳು.

"ಹಣಿ..." ಎಂದಳು. ನಿಲ್ಲಿಸಿದಳು. "ಮೂಗ್ ಒಂಚೂರ್..." ಮತ್ತೆ ನಿಲ್ಲಿಸಿದಳು.

"ಮೇಷ್ಟ್ರೇ, ಬತ್ತಿಲ್ಲ. ದಿನಾ ಆ ಹಲ್ಗಿ ಕಂಡ್ ಕಂಡ್ ಅವ್ರ್ ಮೊಖ ಹೋಯಿ ಹಲ್ಗಿ ಮೊಖ ನಿಂತಿತ್. ಈಗ ಹಲ್ಗಿಯೂ ಹೋಯ್ತ್, ಅದೂ ಬತ್ತಿಲ್ಲ. ನೀವ್ ಅವ್ರನ್ನ್ ಕಂಡಿದ್ರಲೆ? ನೀವೇ ಹೇಳಿ."

ಹೌದು, ಕಂಡಿದ್ದೆ. ಇದನ್ನು ನಿಮಗೆ ಈವರೆಗೆ ಹೇಳಲಿಲ್ಲ, ನಾಚಿಕೆಯಿಂದ. ಆ ದೋಣಿ ಹೊಸದಾಗಿದ್ದಾಗ ಅದಕ್ಕೆ ಹೆಸರು ಬರೆದವನು ನಾನು. ಒಂದಿಡೀ ಭಾನುವಾರ ಶೀನ ನನ್ನ ಪಕ್ಕದಲ್ಲಿ ಬಣ್ಣದ ಡಬ್ಬಿ ಹಿಡಿದು ಬಿಸಿಲಲ್ಲಿ ನಿಂತಿದ್ದ. ಕಣ್ಣು ಮುಚ್ಚಿ ನೆನಪು ಮಾಡಿಕೊಂಡೆ. ಅಕ್ಷರಗಳು ಬಂದವು. ಹಳದಿ ಅಕ್ಷರ, ಕೆಂಪು ನೆರಳು. ಡಬ್ಬಿ ಬಂತು, ಡಬ್ಬಿ ಹಿಡಿದ ಕೈಯೂ ಬಂತು, ಉಗುರಿನವರೆಗೆ. ಕೈಯಿಂದ ಮೇಲೆ ಹೋಗಲು ನೋಡಿದೆ. ಅಲ್ಲಿ ಬರೀ ಬಿಸಿಲು.

ಕಣ್ಣು ತೆರೆದಾಗ ಗುಲಾಬಿ ನನ್ನ ಬಾಯಿಯನ್ನೇ ನೋಡುತ್ತ ಕುಳಿತಿದ್ದಳು.